ಹದಿನೈದು ಪೈಸೆಯ ಲೆಕ್ಕ

ಆಲ್ದೂರಿನ ಆಚೆಗಿರುವ ಒಂದು ಕಾಫಿ ತೋಟದಲ್ಲಿ ನಾನು ರೈಟರು. ರೈಟರು ಎಂದರೆ ಕತೆ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಚೀಲ, ಡೀಸೆಲ್ಲಿನ ಲೀಟರು, ಕೊಯ್ಲಿನ ಕಿಲೋ ಇವನ್ನೆಲ್ಲ ಬರೆಯುವವನು. ಇವುಗಳ ಜೊತೆಗೆ ಮಳೆಯನ್ನೂ ಬರೆಯುತ್ತೇನೆ. ಸರ್ಕಾರ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ನಮ್ಮ ತೋಟಗಳಲ್ಲಿ ಮಳೆ ಬೀಳುವುದು ಈಗಲೂ ಇಂಚು ಮತ್ತು ಸೆಂಟಿನಲ್ಲೇ; ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎಂಟಕ್ಕೆ ಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದ ಮೇಲೆಯೇ ದಿನ ಶುರುವಾಗುವುದು.

ಮನೆ ಚಿಕ್ಕಮಗಳೂರಿನಲ್ಲಿ. ಹೋಗಲು 22 ಕಿಲೋಮೀಟರ್, ಬರಲು 22. ಗಾಡಿ 2016ರ 220 ಸಿಸಿ ಪಲ್ಸರ್. ಆ ಕಾಲದ ಗಾಡಿಗೆ ಎಬಿಎಸ್ ಇಲ್ಲ. ಚಕ್ರ ಕಚ್ಚಿಕೊಂಡರೆ ಬಿಡಿಸುವ ಯಂತ್ರವಿಲ್ಲ; ಇರುವುದು ನನ್ನ ಬೆರಳು ಮತ್ತು ರಬ್ಬರು, ಎರಡೇ.

2024ರ ಜುಲೈ ಮೊದಲ ವಾರ. ಆರಿದ್ರಾ ಮುಗಿದು ಪುನರ್ವಸು ಹಿಡಿಯುವ ಹೊತ್ತು. ಸಂಜೆ ಮನೆಗೆ ಬರುತ್ತಿದ್ದೆ. ಸಿಲ್ವರ್ ಓಕ್ ಮರಗಳು ಎರಡೂ ಕಡೆಯಿಂದ ಬಾಗಿ, ಮಧ್ಯಾಹ್ನವೂ ಬಿಸಿಲು ಬೀಳದ ಒಂದು ಎಡ ತಿರುವು. ವೇಗ ಮೂವತ್ತೈದಿರಬಹುದು. ಎದುರಿನಿಂದ ಒಂದು ಜೀಪು ರಸ್ತೆಯ ನಡುವಿಗೇ ಬಂತು. ನಾನು ಬ್ರೇಕ್ ಹಿಡಿದೆ, ಜೋರಾಗಿಯೂ ಅಲ್ಲ. ಹಿಂದಿನ ಚಕ್ರ ಸದ್ದಿಲ್ಲದೆ ಬಲಕ್ಕೆ ಜಾರಿತು. ಕಾಲು ಊರುವಷ್ಟರಲ್ಲಿ ಗಾಡಿ ನನ್ನ ಎಡ ಮೊಣಕಾಲಿನ ಮೇಲಿತ್ತು. ಜೀಪಿನವರೇ ಇಳಿದು ಎತ್ತಿದರು. ಕನ್ನಡಿ ಒಡೆದಿತ್ತು, ಮಳೆಕೋಟು ಹರಿದಿತ್ತು, ಮಂಡಿಯ ಚರ್ಮ ಹೋಗಿತ್ತು. ಅಷ್ಟರಲ್ಲೇ ಮುಗಿಯಿತು ಎನ್ನಬೇಕು.

ಮರುದಿನ ಕುಂಟುತ್ತಾ ತೋಟಕ್ಕೆ ಹೋಗಿ, ಅಭ್ಯಾಸ ಬಿಡದೆ, ಮಳೆ ಪುಸ್ತಕ ತೆರೆದೆ. ನಾನು ಬಿದ್ದ ದಿನದ ಮಳೆ 14 ಸೆಂಟ್. ಅದರ ಹಿಂದಿನ ವಾರ ಒಂದೇ ದಿನ ಮೂರು ಇಂಚು ಬಿದ್ದಿತ್ತು. ಅಂದು ಅದೇ ತಿರುವಿನಲ್ಲಿ ಅದೇ ಗಾಡಿಯಲ್ಲಿ ಏನೂ ಆಗದೆ ಬಂದಿದ್ದೆ. ಮೂರು ಇಂಚಿಗೆ ಬೀಳದವನು 14 ಸೆಂಟಿಗೆ ಬಿದ್ದದ್ದು ಹೇಗೆ ಎಂಬ ಪ್ರಶ್ನೆ ಮೊಣಕಾಲಿನ ಉರಿಗಿಂತ ಹೆಚ್ಚು ಕಾಡಿತು. ಯೋಚಿಸಿದರೆ ಕಷ್ಟದ ವಿಷಯವಲ್ಲ. ಸುರಿಯುವ ಮಳೆ ರಸ್ತೆಯನ್ನು ತೊಳೆಯುತ್ತದೆ. ಜಿನುಗುವ ಮಳೆ ಮಾತ್ರ ಕೊಳೆತ ಎಲೆ, ಪಾಚಿ, ಟ್ರ್ಯಾಕ್ಟರ್ ಬಿಟ್ಟುಹೋದ ಕೆಮ್ಮಣ್ಣು, ಲಾರಿಯಿಂದ ಸೋರಿದ ಎಣ್ಣೆ ಎಲ್ಲವನ್ನೂ ಸೇರಿಸಿ ಕಲಸಿ ಲೋಳೆ ಮಾಡುತ್ತದೆ. ಮಲೆನಾಡಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಎಷ್ಟೋ ವರ್ಷ ಇದೇ ಲೋಳೆಯ ಮೇಲೆ ಓಡಾಡಿದವನು ನಾನು. ಈ ಸಲ ಬದಲಾದದ್ದು ರಸ್ತೆಯಲ್ಲ.

ಹಿಂದಿನ ಟೈರನ್ನು 2023ರ ಫೆಬ್ರುವರಿಯಲ್ಲಿ ಹಾಕಿಸಿದ್ದೆ. ಹೆಚ್ಚು ಬಾಳಿಕೆ ಬರುವ ಗಟ್ಟಿ ರಬ್ಬರಿನದು ಕೊಡಿ ಎಂದು ಕೇಳಿಯೇ ತಂದದ್ದು. ಬೆಲೆ 2,400. ಅಂಗಡಿಯವರು ಕೇಳದೆಯೇ ಇನ್ನೂರು ರೂಪಾಯಿ ಬಿಟ್ಟಿದ್ದರು, ನಾನು ಹಿಗ್ಗಿದ್ದೆ. 18,000 ಕಿಲೋಮೀಟರ್ ಓಡಿಸಿದರೂ ಗೀರಿನಲ್ಲಿ ಎರಡೂವರೆ ಮಿಲಿಮೀಟರ್ ಆಳ ಉಳಿದಿತ್ತು. ಸವೆತದ ಗುರುತು, ಅಂದರೆ ಗೀರಿನ ತಳದಲ್ಲಿರುವ ಆ ಚಿಕ್ಕ ಉಬ್ಬು, ಇನ್ನೂ ದೂರವಿತ್ತು. ಆದ್ದರಿಂದ ಟೈರು ಚೆನ್ನಾಗಿದೆ ಎಂದೇ ನಂಬಿದ್ದೆ.

ಮನೆಯ ಹತ್ತಿರ ಒಬ್ಬ ಹಿರಿಯರ ಪಂಕ್ಚರ್ ಅಂಗಡಿ ಇದೆ. ಅವರು ಗೀರನ್ನು ನೋಡಲೇ ಇಲ್ಲ. ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಯಾರದೋ ಹೊಸ ಸ್ಕೂಟರಿನ ಟೈರಿಗೆ ಅದೇ ಉಗುರನ್ನು ಒತ್ತಿದರು. ಅದರಲ್ಲಿ ಉಗುರು ಸ್ವಲ್ಪ ಇಳಿದು, ತೆಗೆದಾಗ ಗುರುತು ಮೆಲ್ಲಗೆ ಮುಚ್ಚಿಕೊಂಡಿತು. ನನ್ನದರಲ್ಲಿ ಇಳಿಯಲೇ ಇಲ್ಲ. “ಇದು ಟೈರಲ್ಲ, ಚಪ್ಪಲಿಯ ಅಟ್ಟೆ” ಎಂದರು. ಬಳಿಕ ಒದ್ದೆ ಬಟ್ಟೆಯಿಂದ ಟೈರಿನ ಪಕ್ಕೆ ಒರೆಸಿ, ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ಸಣ್ಣ ಚೌಕಟ್ಟಿನೊಳಗಿದ್ದ ನಾಲ್ಕು ಅಂಕಿ ತೋರಿಸಿದರು: 0919. 2019ನೇ ಇಸವಿಯ ಒಂಬತ್ತನೇ ವಾರ. ನಾನು ಕೊಂಡ ದಿನಕ್ಕೇ ಅದಕ್ಕೆ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಇನ್ನೂರು ರೂಪಾಯಿ ಬಿಟ್ಟದ್ದರ ಗುಟ್ಟು ಆಗ ತಿಳಿಯಿತು. ಸರಿಯಾಗಿ ಇಟ್ಟ ಟೈರು ನಾಲ್ಕು ವರ್ಷಕ್ಕೆ ಹಾಳಾಗಲೇಬೇಕೆಂದಿಲ್ಲ. ಆದರೆ ಗಾಳಿ, ಬೆಳಕು, ಬಿಸಿ ತಾಗುತ್ತಾ ರಬ್ಬರಿನೊಳಗಿನ ಎಣ್ಣೆಯಂಶ ಹೊರಟು ಅದು ಬಿರುಸಾಗುತ್ತದೆ. ಮೊದಲೇ ಗಟ್ಟಿ ಜಾತಿಯ ರಬ್ಬರು, ಮೇಲೆ ವಯಸ್ಸು.

ಅಂಗಡಿಯವರನ್ನು ಬೈಯಬಹುದಿತ್ತು. ತೋಟಕ್ಕೆ ಬರುವ ಗೊಬ್ಬರದ ಒಂದೊಂದು ಚೀಲದ ಮೇಲಿನ ತಿಂಗಳನ್ನೂ ಓದಿಯೇ ಒಳಗೆ ಬಿಡುವವನು ನಾನು. ನನ್ನ ಜೀವ ಹೊರುವ ಟೈರಿನ ವಾರ ಓದಲಿಲ್ಲ. ಸುಮ್ಮನಾದೆ.

ಇನ್ನೊಂದು ಮಾತು ಆ ಹಿರಿಯರು ಹೇಳಿದ್ದು ಮನಸ್ಸಿನಲ್ಲಿ ಉಳಿಯಿತು. ಗಟ್ಟಿ ಟೈರು ಎಲ್ಲ ಕಡೆಯೂ ಕೆಟ್ಟದ್ದಲ್ಲ. ಕಡೂರು, ಬೀರೂರು ಕಡೆಯ ಬಯಲಿನಲ್ಲಿ, ಬಿಸಿಲಿಗೆ ಕಾದ ನೇರ ರಸ್ತೆಯಲ್ಲಿ ಅದು ಬೆಚ್ಚಗಾಗುತ್ತದೆ, ಹಿಡಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಹವೆಯೇ ಇಪ್ಪತ್ತು ಡಿಗ್ರಿ ಆಸುಪಾಸು, ಮೇಲೆ ನೀರು. ಟೈರು ಬಿಸಿಯಾಗುವುದೇ ಇಲ್ಲ. ತಣ್ಣಗಿದ್ದಾಗಲೂ ಮೆತ್ತಗೆ ಉಳಿಯುವ ರಬ್ಬರು ಬೇಕು. ಟೈರಿನ ಕಪ್ಪು ಬಣ್ಣಕ್ಕೆ ಕಾರಣ ಕಾರ್ಬನ್ ಬ್ಲ್ಯಾಕ್; ರಬ್ಬರಿಗೆ ಗಟ್ಟಿತನ ಮತ್ತು ಸವೆತ ತಡೆಯುವ ಶಕ್ತಿ ಕೊಡುವುದು ಅದೇ. ಅದರ ಬದಲಿಗೆ ಒಂದಷ್ಟು ಪಾಲು ಸಿಲಿಕಾ ಬೆರೆಸಿದರೆ ಒದ್ದೆ ರಸ್ತೆಯ ಹಿಡಿತ ಹೆಚ್ಚುತ್ತದೆ. ಕಂಪನಿಯ ಮಾಹಿತಿ ಹಾಳೆಯಲ್ಲಿ ಸಿಲಿಕಾ ಎಂಬ ಪದ ಇದೆಯೇ ನೋಡಿ ಎಂದರು. ಗೀರಿನ ಚಿತ್ತಾರ ನೋಡಿ ಮರುಳಾಗಬೇಡಿ ಎಂದೂ ಸೇರಿಸಿದರು.

ಗೀರಿನ ವಿಷಯದಲ್ಲಿ ನನಗೂ ತಪ್ಪು ಕಲ್ಪನೆಯಿತ್ತು. ಗೀರು ಹೆಚ್ಚಿದ್ದಷ್ಟೂ ಮಳೆಗೆ ಒಳ್ಳೆಯದು ಎಂದುಕೊಂಡಿದ್ದೆ. ಕಾರಿನ ಟೈರು ಅಗಲ, ಚಪ್ಪಟೆ. ವೇಗದಲ್ಲಿ ನೀರಿನ ಮೇಲೆ ತೇಲುವ ಭಯ ಅದಕ್ಕೆ. ಬೈಕಿನದು ದುಂಡು, ನೆಲಕ್ಕೆ ತಾಗುವ ಜಾಗ ಅಂಗೈಗಿಂತ ಕಡಿಮೆ, ದೋಣಿಯ ಮೂಗಿನಂತೆ ನೀರನ್ನು ಇಬ್ಬದಿಗೆ ಸೀಳಿಕೊಂಡು ಹೋಗುತ್ತದೆ. ಮೂವತ್ತೈದು, ನಲವತ್ತರ ವೇಗದಲ್ಲಿ ತೇಲುವ ಮಾತೇ ಇಲ್ಲ. ಆ ವೇಗದಲ್ಲಿ ಹಿಡಿಯುವುದು ರಬ್ಬರು. ಗೀರು ಬೇಕು, ಆದರೆ ಅದರದು ಎರಡನೆಯ ಪಾತ್ರ.

ಇಷ್ಟು ತಿಳಿದ ಮೇಲೂ ಕೈ ಜೇಬಿಗೆ ಸಲೀಸಾಗಿ ಹೋಗಲಿಲ್ಲ. ಮೆತ್ತನೆ ರಬ್ಬರಿನ ಒಳ್ಳೆಯ ಟೈರು ಹಿಂದಿನ ಚಕ್ರಕ್ಕೆ 3,500 ರೂಪಾಯಿ. ಬಾಳಿಕೆ ಕೇಳಿದರೆ ಎಲ್ಲರೂ 14,000 ಕಿಲೋಮೀಟರ್ ಎನ್ನುತ್ತಿದ್ದರು. ಗಟ್ಟಿಯದು 2,400ಕ್ಕೆ, ಸವೆತದ ಗತಿ ನೋಡಿದರೆ 24,000 ಓಡುತ್ತಿತ್ತು. ರೈಟರ ಬುದ್ಧಿ, ತೋಟದ ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಭಾಗಿಸಿದೆ. ಗಟ್ಟಿಯದು ಕಿಲೋಮೀಟರಿಗೆ 10 ಪೈಸೆ. ಮೆತ್ತನೆಯದು 25 ಪೈಸೆ. ಎರಡೂವರೆ ಪಟ್ಟು! ಹೀಗೆ ನೋಡಿದರೆ ಯಾವ ಬುದ್ಧಿವಂತನೂ ಮೆತ್ತನೆಯದನ್ನು ಕೊಳ್ಳುವುದಿಲ್ಲ. ಎರಡು ದಿನ ಆ ಹಾಳೆಯನ್ನೇ ನೋಡುತ್ತಿದ್ದೆ. ಮೂರನೆಯ ದಿನ ಕೆಳಗೆ ಇನ್ನೊಂದು ಸಾಲು ಬರೆದೆ: ವ್ಯತ್ಯಾಸ 15 ಪೈಸೆ, ದಿನಕ್ಕೆ 44 ಕಿಲೋಮೀಟರ್, ಒಟ್ಟು ಆರು ರೂಪಾಯಿ ಅರವತ್ತು ಪೈಸೆ. ಚಿಕ್ಕಮಗಳೂರಿನ ಯಾವ ಹೋಟೆಲಿನಲ್ಲಿಯೂ ಆ ದುಡ್ಡಿಗೆ ಅರ್ಧ ಲೋಟ ಕಾಫಿ ಬರುವುದಿಲ್ಲ. ಒಡೆದ ಕನ್ನಡಿ, ಹರಿದ ಮಳೆಕೋಟು, ಬ್ಯಾಂಡೇಜು, ಮೂರು ದಿನದ ಸಂಬಳ ಇವನ್ನು ಪಕ್ಕದಲ್ಲಿ ಬರೆದು ಕೂಡಿಸಲು ಹೋದೆ. ನಾಚಿಕೆಯಾಗಿ ಪುಸ್ತಕ ಮುಚ್ಚಿದೆ. ಸವೆತವನ್ನು ಅಳೆಯಲು ಕಡ್ಡಿ ಸಾಕು, ಹಾಗಾಗಿ ಅದನ್ನೇ ಅಳೆಯುತ್ತಾ ಬಂದಿದ್ದೆ. ಹಿಡಿತವನ್ನು ನಾನು ಅಳೆದದ್ದು ಆ ಎಡ ತಿರುವಿನಲ್ಲಿ, ಒಂದೇ ಸಲ.

ಟೈರು ಬದಲಿಸುತ್ತೇನೆಂದು ಗೊತ್ತಾದ ಕೂಡಲೇ ಸಲಹೆಗಳು ಬಂದವು. ಅಣ್ಣನ ಮಗ, ಬೆಂಗಳೂರಿನಲ್ಲಿ ಓದುವವನು, 140 ಅಗಲದ್ದು ಹಾಕಿಸು, ಗಾಡಿ ಗಂಭೀರವಾಗಿ ಕಾಣುತ್ತದೆ ಎಂದ. ಗಾಡಿಗೆ ಕಂಪನಿ ಕೊಟ್ಟ ಅಳತೆ ಹಿಂದೆ 120/80-17, ಮುಂದೆ 90/90-17. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ಶೇಕಡಾ ಎಷ್ಟು ಎಂಬುದು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 120ರ ಶೇಕಡಾ 80 ಎಂದರೆ 96 ಮಿಲಿಮೀಟರ್. 140/70 ಹಾಕಿದರೆ 98. ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ನಿಜ. ಆದರೆ ಕಿರಿದಾದ ರಿಮ್ಮಿಗೆ ಅಗಲದ ಟೈರು ಕೂರಿಸಿದರೆ ಎರಡೂ ಅಂಚು ಒಳಗೆ ಹಿಸುಕಿಕೊಂಡು ನಡು ಉಬ್ಬುತ್ತದೆ, ಟೈರು ತಯಾರಿಸಿದವನು ಯೋಚಿಸಿದ ಆಕಾರವೇ ಉಳಿಯುವುದಿಲ್ಲ. ಸಣ್ಣ ಚಪ್ಪಲಿಯಲ್ಲಿ ದೊಡ್ಡ ಕಾಲು ತುರುಕಿದ ಹಾಗೆ. ತೂಕ ಹೆಚ್ಚಿ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಹುಡುಗನಿಗೆ ಅಗಲ ಬೇಕಿದ್ದದ್ದು ಫೋಟೋಗೆ. ಅವನಿಗೆ ಹಾಗೆ ಹೇಳಲಿಲ್ಲ.

ತೋಟದ ಮೇಸ್ತ್ರಿಯ ಸಲಹೆ ಬೇರೆ: ದಪ್ಪ ದಪ್ಪ ಗಡ್ಡೆಗಳಿರುವ ಕಾಡುದಾರಿಯ ಟೈರು. ಇದಕ್ಕೆ ನಾನು ನಿಜವಾಗಿಯೂ ಮನಸೋತಿದ್ದೆ. ಮುಖ್ಯ ರಸ್ತೆಯಿಂದ ತೋಟದ ಕಚೇರಿಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ದಾರಿಯಲ್ಲ, ಕೆಸರುಗದ್ದೆ. ಆದರೆ ಗಡ್ಡೆಗಳ ನಡುವೆ ಖಾಲಿ ಜಾಗ ಹೆಚ್ಚಾದಷ್ಟೂ ಡಾಂಬರಿಗೆ ತಾಗುವ ರಬ್ಬರು ಕಡಿಮೆ. ದಿನದ 44ರಲ್ಲಿ 41 ಕಿಲೋಮೀಟರ್ ಡಾಂಬರು, ಮೂರು ಕೆಸರು. ನಾನು ಬಿದ್ದದ್ದು ಡಾಂಬರಿನ ಮೇಲೆ. ಕೆಸರಿನಲ್ಲಿ ಕಾಲು ಊರಿಕೊಂಡು ಹತ್ತರ ವೇಗದಲ್ಲಿ ಹೋದರಾಯಿತು.

ಯಾವ ಕಂಪನಿ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಮಿಶೆಲಿನ್ ಎಲ್ಲವನ್ನೂ ವಿಚಾರಿಸಿದೆ. ಒಂದೇ ಕಂಪನಿ ಬಾಳಿಕೆಗೊಂದು ಮಾದರಿ, ಹಿಡಿತಕ್ಕೊಂದು ಮಾದರಿ ಮಾಡುತ್ತದೆ. ಹೆಸರು ಒಂದೇ, ರಬ್ಬರು ಬೇರೆ. ಕೇಳಬೇಕಾದದ್ದು ಮಾದರಿಯನ್ನು. ಒಳನೂಲು ಅಂಚಿನಿಂದ ಅಂಚಿಗೆ ನೇರ ಹಾಯುವ ರೇಡಿಯಲ್ ಟೈರು ಬೇಕೆಂಬ ಆಸೆಯನ್ನೂ ಬಿಟ್ಟೆ. ನನ್ನ ಕಿರಿಯ ಅಳತೆಯಲ್ಲಿ ಸಿಕ್ಕಿದವೆಲ್ಲ ಅಡ್ಡ ನೇಯ್ಗೆಯ ಬಯಾಸ್ ಟೈರುಗಳು. ಗುಂಡಿ ಬಿದ್ದ ರಸ್ತೆಗೆ ಅದರ ದಪ್ಪ ಪಕ್ಕೆಯೇ ವಾಸಿ ಎಂದು ಸಮಾಧಾನ ಮಾಡಿಕೊಂಡೆ.

ಬೇಕಾದ ಮಾದರಿ ನಮ್ಮೂರಿನಲ್ಲಿ ಸಿಗಲಿಲ್ಲ. ಹಾಸನದ ಬಿ.ಎಂ. ರಸ್ತೆಯ ಒಂದು ಅಂಗಡಿಗೆ ಫೋನ್ ಮಾಡಿ, ಮೊದಲ ಪ್ರಶ್ನೆಯಾಗಿ ವಾರ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹುಡುಗನೊಬ್ಬ ಓದಿದ: ಹಿಂದಿನದು 2224, ಮುಂದಿನದು 1824. ಮೇ ತಿಂಗಳ ಆಸುಪಾಸಿನವು. ಆಗಸ್ಟಿನ ಒಂದು ಶನಿವಾರ ರಜೆ ಹಾಕಿ ಬೇಲೂರಿನ ಮೇಲೆ ಹಾಸನಕ್ಕೆ ಹೋದೆ, ಅರವತ್ತು ಕಿಲೋಮೀಟರ್, ಹಳೆಯ ಟೈರಿನ ಮೇಲೆ ನಲವತ್ತು ದಾಟದೆ.

ಮುಂದಿನದನ್ನೂ ಬದಲಿಸಬೇಕೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ನೋಡಲು ಅದು ಹೊಸದರಂತಿತ್ತು. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಗಾಡಿಯನ್ನು ನಿಲ್ಲಿಸುವುದು ಬಹುಪಾಲು ಮುಂದಿನ ಚಕ್ರವೇ. ಹಿಂದಿನದು ಜಾರಿದರೆ ಒಮ್ಮೊಮ್ಮೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಆ ಅವಕಾಶವೇ ಇಲ್ಲ. ಅಂಗಡಿಯಲ್ಲಿ ಉಗುರು ಒತ್ತಿ ನೋಡಿದೆ. ಅಟ್ಟೆ. 2,300 ಕೊಟ್ಟೆ.

ಪಕ್ಕೆಯ ಮೇಲಿನ ಉಳಿದ ಅಕ್ಷರಗಳನ್ನೂ ಓದಿದೆ, ಈಗ ಚಟವಾಗಿತ್ತು. ಹಿಂದಿನದರ ಮೇಲೆ 61ಪಿ. 61 ಎಂದರೆ 257 ಕಿಲೋ ಹೊರುವ ಶಕ್ತಿ, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ನನ್ನ ಜನ್ಮಕ್ಕೆ ಎರಡೂ ಧಾರಾಳ.

ಹಾಕುವ ಹುಡುಗ ಚುರುಕು. ಅಂಚಿಗೆ ಸೋಪಿನ ನೀರು ಬಳಿದು, ಯಂತ್ರ ತಿರುಗಿಸಿ, ಹಳದಿ ಚುಕ್ಕೆಯನ್ನು ವಾಲ್ವಿನ ನೇರಕ್ಕೆ ತಂದು ಕೂರಿಸಿದ. ಆ ಚುಕ್ಕೆ ಟೈರಿನ ಅತಿ ಹಗುರ ಜಾಗ. ರಿಮ್ಮಿನಲ್ಲಿ ವಾಲ್ವ್ ಇರುವ ಕಡೆ ಭಾರ. ಎರಡೂ ಸೇರಿದರೆ ಸಮ. ಇಷ್ಟು ಬಲ್ಲವನು ಗಾಳಿ ತುಂಬಿ ಟಪ್ ಎಂದು ಅಂಚು ಕೂತ ಮೇಲೆ ನೋಡುತ್ತೇನೆ, ಬಾಣದ ಗುರುತು ಹಿಂದುಮುಂದು! ಟೈರು ಯಾವ ಕಡೆಗೆ ಉರುಳಬೇಕೆಂದು ಪಕ್ಕೆಯ ಮೇಲೆ ಬಾಣ ಇರುತ್ತದೆ. ಹಿಂದಿನ ಟೈರಿನ ಮೇಲೆ ಎಂಜಿನ್ನಿನ ತಳ್ಳುವ ಬಲ, ಮುಂದಿನದರ ಮೇಲೆ ಬ್ರೇಕಿನ ಎಳೆಯುವ ಬಲ. ಆ ಬಲಕ್ಕೂ ನೀರು ಹೊರಹೋಗುವ ದಿಕ್ಕಿಗೂ ತಕ್ಕಂತೆ ಅದನ್ನು ಕಟ್ಟಿರುತ್ತಾರೆ. ಹೇಳಿದಾಗ ಹುಡುಗ ಮುಖ ಸಣ್ಣದು ಮಾಡಿದ, ಆದರೆ ಮಾತಾಡದೆ ಬಿಚ್ಚಿ ತಿರುಗಿಸಿದ. ಹಾಕುವ ಕೂಲಿ 300, ಹೊಸ ವಾಲ್ವುಗಳಿಗೆ 100. ಒಟ್ಟು 6,200 ರೂಪಾಯಿ. ನೈಟ್ರೋಜನ್ ತುಂಬಿಸುವುದೇ ಎಂದು ಕೇಳಿದರು. ಸಾಮಾನ್ಯ ಗಾಳಿಯಲ್ಲೇ ಶೇಕಡಾ 78 ಅದು ಇದೆ, ಉಳಿದದ್ದಕ್ಕೆ ದುಡ್ಡು ಬೇಡ ಎಂದೆ.

ಬರುವಾಗ ಬೇಲೂರಿನ ಹತ್ತಿರ ಹನಿ ಶುರುವಾಯಿತು. ಹೊಸ ಟೈರಿನ ಮೈ ಅಚ್ಚಿನಿಂದ ಬಂದ ನುಣುಪಿನಲ್ಲೇ ಇರುತ್ತದೆ. ಮೊದಲ 150, 200 ಕಿಲೋಮೀಟರ್ ಮೆಲ್ಲಗೆ ಓಡಿಸಿ ಆ ನುಣುಪು ಉಜ್ಜಿಹೋಗಬೇಕು. 6,200 ರೂಪಾಯಿಯ ಟೈರು ಹಾಕಿಸಿಕೊಂಡು ಹಳೆಯದಕ್ಕಿಂತ ಹೆದರುತ್ತಾ ಮನೆಗೆ ಬಂದೆ.

ಮುಂದಿನ ಪಾಠ ಗಾಳಿಯದು. ನನ್ನ ಗಾಡಿಗೆ ಮುಂದೆ 25, ಹಿಂದೆ ಒಬ್ಬನೇ ಇದ್ದರೆ 28, ಇಬ್ಬರಿದ್ದರೆ 32 ಪಿಎಸ್ಐ. ವಾರಕ್ಕೊಮ್ಮೆ ಬಂಕಿನಲ್ಲಿ ಹಾಕಿಸುತ್ತಿದ್ದೆ. ಹೊಸ ಟೈರು ಯಾಕೋ ಗುಂಡಿಗಳಲ್ಲಿ ಪುಟಿಯುತ್ತಿದೆ ಅನ್ನಿಸಿ ಸ್ವಂತಕ್ಕೊಂದು ಮಾಪಕ ಕೊಂಡೆ. ಬಂಕಿನ ಮಾಪಕ 28 ಎಂದದ್ದು ನನ್ನದರಲ್ಲಿ 34. ಯಾವುದು ಸುಳ್ಳು ಎಂದು ತಿಳಿಯಲು ಇನ್ನೂ ಎರಡು ಕಡೆ ಹೋಗಿ ನೋಡಿದೆ, ನನ್ನದೇ ಸರಿಯಿತ್ತು. ಅಂದರೆ ವರ್ಷಗಟ್ಟಲೆ ನಾನು ಉಬ್ಬಿದ ಟೈರಿನ ನಡುಗೆರೆಯ ಮೇಲೆ ಮಾತ್ರ ಓಡಾಡಿದ್ದೆ. ಈಗ ಭಾನುವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಮನೆಯಂಗಳದಲ್ಲೇ ನೋಡುತ್ತೇನೆ. ಓಡಿಸಿ ಬಂದ ಮೇಲೆ ನೋಡಿದರೆ ಬಿಸಿಗೆ ಎರಡು ಮೂರು ಪಿಎಸ್ಐ ಹೆಚ್ಚೇ ತೋರಿಸುತ್ತದೆ. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಡಾಂಬರಿನಲ್ಲಿ ಹಾಗೆ ಮಾಡಿದರೆ ಟೈರು ಕುಸಿದು ಗೀರುಗಳ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಹೋಗಲು ದಾರಿಯಿರುವುದಿಲ್ಲ.

ವ್ಯತ್ಯಾಸ ತಿಳಿದದ್ದು ಅದೇ ತಿರುವಿನಲ್ಲಿ, ಆಶ್ಲೇಷಾ ಮಳೆಯ ಕೊನೆಯಲ್ಲಿ. ದನವೊಂದು ಬೇಲಿಯಿಂದ ರಸ್ತೆಗೆ ಇಳಿಯಿತು. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಒಂದು ಗೇಣು ಅಲುಗಿತು, ಮತ್ತೆ ಕಚ್ಚಿತು. ಮುಂಚೆ ಜಾರುವುದು ಎಂದರೆ ಬೀಳುವುದೇ ಆಗಿತ್ತು. ಈಗ ಜಾರುವ ಮೊದಲು ಒಂದು ಎಚ್ಚರಿಕೆ ಬರುತ್ತದೆ. ಆಸನದ ಕೆಳಗೆ ಸಣ್ಣ ಅಲುಗಾಟ, ಬೆರಳು ಸಡಿಲಿಸುವಷ್ಟು ಸಮಯ. ನಾನು 15 ಪೈಸೆ ಕೊಟ್ಟು ಕೊಂಡದ್ದು ಆ ಕ್ಷಣವನ್ನು. ಜಲ್ಲಿ ಹರಡಿದ ಕಡೆ, ಡೀಸೆಲ್ ಚೆಲ್ಲಿ ಕಾಮನಬಿಲ್ಲು ಮೂಡಿದ ಕಡೆ ಇದೂ ಜಾರುತ್ತದೆ. ಕೊಯ್ಲಿನ ದಿನಗಳಲ್ಲಿ ತಿರುವಿನ ತುಂಬ ಒಣ ಮಣ್ಣು ಬಿದ್ದಿರುವಾಗ ಸಿಲಿಕಾ ಏನು ಮಾಡೀತು?

ಸವೆತದ ಲೆಕ್ಕ ಬಿಡಲಿಲ್ಲ. ಮೇ ತಿಂಗಳಲ್ಲಿ, 9,000 ಕಿಲೋಮೀಟರಿಗೆ, ಏಳು ಮಿಲಿಮೀಟರ್ ಇದ್ದ ಹಿಂದಿನ ಗೀರು 3.2ಕ್ಕೆ ಇಳಿದಿತ್ತು. ಬೇಸಿಗೆಯ ಕಾದ ಡಾಂಬರು ಮೆತ್ತನೆ ರಬ್ಬರನ್ನು ಸೀಮೆಸುಣ್ಣದಂತೆ ತಿಂದಿತ್ತು. ತಿಂಗಳಿಗೆರಡು ಸಲ ಕಡೂರಿಗೆ ಹೋಗುವ ನೇರ ರಸ್ತೆಯಿಂದ ನಡುಭಾಗ ಸ್ವಲ್ಪ ಚಪ್ಪಟೆಯೂ ಆಗಿ, ತಿರುವಿನಲ್ಲಿ ಗಾಡಿ ಬಾಗಿಸುವಾಗ ಮೆಟ್ಟಿಲಿಳಿದಂತೆ ಅನ್ನಿಸುತ್ತಿತ್ತು. ಸೆಪ್ಟೆಂಬರ್ ಕೊನೆಗೆ, 14,300ಕ್ಕೆ, ಗುರುತಿನ ಉಬ್ಬು ಮೇಲಕ್ಕೇ ಬಂತು. ಕಿಲೋಮೀಟರಿಗೆ ಇಪ್ಪತ್ನಾಲ್ಕೂವರೆ ಪೈಸೆ. ಮುಂದಿನದು ಇನ್ನೂ ಅರ್ಧ ಆಯುಷ್ಯ ಉಳಿಸಿಕೊಂಡಿದೆ.

ಅಷ್ಟರಲ್ಲಿ, 2025ರ ಸೆಪ್ಟೆಂಬರ್ 22ರಿಂದ, ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಳೆಯ 3,500ಕ್ಕೆ ಲೆಕ್ಕ ಹಾಕಿದರೆ 3,227 ಆಗಬೇಕು. ಹಾಸನದ ಅಂಗಡಿಗೆ ಫೋನ್ ಮಾಡಿದೆ. 3,230 ಎಂದರು. ಮೂರು ರೂಪಾಯಿಗೆ ಜಗಳ ಮಾಡಲಿಲ್ಲ. ವಾರ ಕೇಳುವ ಮೊದಲೇ ಹುಡುಗ ತಾನಾಗಿ ಹೇಳಿದ: “2925 ಸಾರ್. ಬಾಣವನ್ನೂ ನೋಡಿಯೇ ಹಾಕುತ್ತೇನೆ.”

ಮೊದಲಿನ ಆ ಗಟ್ಟಿ ಟೈರು ಈಗ ತೋಟದ ಆಳುಗಳ ಲೈನ್ ಮನೆಗಳ ಮುಂದೆ ಹಲಸಿನ ಮರದಲ್ಲಿ ಉಯ್ಯಾಲೆಯಾಗಿ ತೂಗುತ್ತಿದೆ. ಎರಡು ಮಳೆಗಾಲ ನೆನೆದರೂ ಗೀರು ಹಾಗೆಯೇ ಇದೆ.

ಅಕ್ಟೋಬರ್ ಮೊದಲ ವಾರ ಹೋಗಿ ಹಾಕಿಸಿಕೊಂಡು ಬಂದೆ. ಹಸ್ತಾ ಮಳೆ. ಬೇಲೂರು ದಾಟುವಾಗ ಮತ್ತೆ ಹನಿ ಹಿಡಿಯಿತು. ಹೊಸ ಮೈಯ ಟೈರು, ನಲವತ್ತರಲ್ಲೇ ಬಂದೆ. ಮರುದಿನ ಬೆಳಿಗ್ಗೆ ಮಾಪಕದಲ್ಲಿ 12 ಸೆಂಟ್.